ತುಕ್ಕು ಹಿಡಿದ ಉಕ್ಕಿನ ಪ್ಲೇಟು: ಬಿಡಿಸುವ ಬಗೆ, ಪಳಗಿಸುವ ಬಗೆ

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದಲ್ಲಿದ್ದೇನೆ. ಎರಡು ವರ್ಷದಿಂದ ಮನೆಯಲ್ಲಿಯೇ ಬ್ರೆಡ್ಡು, ಪಿಜ್ಜಾ ಮಾಡಿ ಪರಿಚಯದವರಿಗೆ ಕೊಡುತ್ತೇನೆ. ಒಟಿಜಿಯೊಳಗೆ (ಮನೆಬಳಕೆಯ ವಿದ್ಯುತ್ ಓವನ್) ಬ್ರೆಡ್ಡು, ಪಿಜ್ಜಾದ ತಳಕ್ಕೆ ಇಡಲು ಒಂದಡಿ ಉದ್ದ, ಒಂದಡಿ ಅಗಲ, 6 ಮಿ.ಮೀ. ದಪ್ಪದ ಕಬ್ಬಿಣದ ಪ್ಲೇಟನ್ನು ವರ್ಕ್‌ಶಾಪಿನಲ್ಲಿ ಕತ್ತರಿಸಿ ತಂದಿದ್ದೆ. ಈ ಮಳೆಗಾಲದಲ್ಲಿ ಕೆಲಸ ಕಡಿಮೆಯಿದ್ದುದರಿಂದ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ಮೂರು ತಿಂಗಳ ಮೇಲೆ ತೆಗೆದರೆ ಎರಡೂ ಬದಿ ಕೆಂಪಗೆ ತುಕ್ಕು ಹಿಡಿದಿತ್ತು. ತಿಕ್ಕಿ ತೊಳೆದು, ಶೇಂಗಾ ಎಣ್ಣೆಯನ್ನು ದಂಡಿಯಾಗಿ ಸವರಿ ಕಾಸಿದೆ. ಈಗ ನಡುವೆ ಬೆಲ್ಲದ ಪಾಕ ಹಚ್ಚಿದ ಹಾಗೆ ಅಂಟಂಟಾಗಿದೆ. ಅಂಚಿನಲ್ಲಿ ಕಪ್ಪು ಪದರ ಚಕ್ಕೆಚಕ್ಕೆಯಾಗಿ ಏಳುತ್ತಿದೆ, ಅದರ ಕೆಳಗೆ ಮತ್ತೆ ತುಕ್ಕು. ಇದನ್ನು ಗುಜರಿಗೆ ಹಾಕಬೇಕೇ? ತುಕ್ಕು ಹೊಟ್ಟೆಗೆ ಹೋದರೆ ವಿಷವೇ? ಯಾವ ಎಣ್ಣೆ ಸರಿ? ಒಟಿಜಿ ಹಚ್ಚದ ದಿನ ಇದರ ಮೇಲೆ ಜೋಳದ ರೊಟ್ಟಿ ಬೇಯಿಸಬಹುದೇ?

ಉತ್ತರ: ಗುಜರಿಗೆ ಹಾಕುವ ಮಾತೇ ಬೇಡ. ನಿಮ್ಮ ಪ್ಲೇಟು ಸುಮಾರು ನಾಲ್ಕೂಕಾಲು ಕಿಲೊ ತೂಗುವ ಗಟ್ಟಿ ಉಕ್ಕು. ಮನೆಯೊಳಗೆ ಒಂದು ಮಳೆಗಾಲ ಹಿಡಿದ ತುಕ್ಕು ಅದರಿಂದ ತಿಂದಿರುವುದು ಕೂದಲೆಳೆಯ ದಪ್ಪವನ್ನೂ ಅಲ್ಲ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುವುದರಿಂದ ಸ್ವಲ್ಪ ತುಕ್ಕೂ ಕಣ್ಣಿಗೆ ಬಹಳವಾಗಿ ಕಾಣುತ್ತದೆ. ನಾನು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿಯೂ ಆಮೇಲೆ ವರ್ಕ್‌ಶಾಪು ಕಲಿಸುವ ಕೆಲಸದಲ್ಲಿಯೂ ಕಬ್ಬಿಣದ ಜೊತೆಗೇ ಇದ್ದವನು. ನಿಮ್ಮ ಪ್ರಶ್ನೆಯಲ್ಲಿ ನನ್ನ ಗಮನ ಸೆಳೆದದ್ದು ತುಕ್ಕಲ್ಲ. ಅಂಚಿನಲ್ಲಿ ಏಳುತ್ತಿರುವ ಆ ಕಪ್ಪು ಚಕ್ಕೆ.

ಆ ಚಕ್ಕೆಯನ್ನು ನೀವು ಸುಟ್ಟ ಎಣ್ಣೆಯೆಂದು ತಿಳಿದಿರಬಹುದು. ನನ್ನ ಅನುಮಾನ ಬೇರೆ. ಅಂಗಡಿಯಲ್ಲಿ ಸಿಗುವ ದಪ್ಪ ಪ್ಲೇಟನ್ನು ಕಾರ್ಖಾನೆಯಲ್ಲಿ ಸಾವಿರ ಡಿಗ್ರಿಗೂ ಮೀರಿ ಕಾಯಿಸಿ ರೋಲರುಗಳ ನಡುವೆ ಒತ್ತಿ ತೆಗೆದಿರುತ್ತಾರೆ. ಆ ಕಾವಿನಲ್ಲಿ ಗಾಳಿ ತಾಗಿ ಮೇಲ್ಮೈಯಲ್ಲಿ ನೀಲಿಗಪ್ಪು ಬಣ್ಣದ ಒಂದು ಬಿರುಸು ಪದರ ಹುಟ್ಟುತ್ತದೆ. ನಮ್ಮ ಫಿಟ್ಟರುಗಳು ಇದನ್ನು ‘ಸ್ಕೇಲ್’ ಎನ್ನುತ್ತಾರೆ. ಹೊಸ ಪ್ಲೇಟಿನಲ್ಲಿ ಅದು ಎಷ್ಟು ನಯವಾಗಿ ಕಾಣುತ್ತದೆಯೆಂದರೆ, ತಂದವರು ಅದನ್ನೇ ಉಕ್ಕಿನ ಮೈಯೆಂದು ನಂಬಿ ನೇರವಾಗಿ ಎಣ್ಣೆ ಹಚ್ಚಿಬಿಡುತ್ತಾರೆ. ಆದರೆ ಅದು ಗಾಜಿನಂತೆ ಪೆಡಸು. ಪ್ಲೇಟು ಕಾದು ಹಿಗ್ಗಿ ಆರಿ ಕುಗ್ಗುವಾಗ ಅದು ಜೊತೆಗೆ ಹಿಗ್ಗಲಾರದೆ ಬಿರುಕು ಬಿಡುತ್ತದೆ. ಬಿರುಕಿನೊಳಗೆ ತೇವ ಇಳಿದಾಗ ಕೆಳಗಿನ ಉಕ್ಕು ಬರಿಯ ಉಕ್ಕಿಗಿಂತಲೂ ಬೇಗ ತುಕ್ಕು ಹಿಡಿಯುತ್ತದೆ, ಮತ್ತು ಆ ತುಕ್ಕು ಉಬ್ಬಿ ಮೇಲಿನ ಪದರವನ್ನು ಎತ್ತಿ ಹಾಕುತ್ತದೆ. ನೀವು ಎಷ್ಟು ಚೆನ್ನಾಗಿ ಪಳಗಿಸಿದರೂ ಸ್ಕೇಲಿನ ಮೇಲೆ ಕೂತ ಎಣ್ಣೆ ಸ್ಕೇಲಿನ ಜೊತೆಗೇ ಎದ್ದು ಹೋಗುತ್ತದೆ.

ನನ್ನ ಅನುಮಾನ ಸರಿಯೋ ತಪ್ಪೋ ಎಂಬುದನ್ನು ನೀವೇ ನೋಡಿಕೊಳ್ಳಬಹುದು. ಚಾಕುವಿನ ತುದಿಯಿಂದ ಅಂಚಿನ ಒಂದು ಚಕ್ಕೆಯನ್ನು ಎಬ್ಬಿಸಿ ಬಿಳಿ ಕಾಗದದ ಮೇಲೆ ಹಾಕಿ, ಕಾಗದದ ಕೆಳಗೆ ಒಂದು ಅಯಸ್ಕಾಂತವನ್ನು ಆಡಿಸಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಬೊಂಬೆಯ ಅಯಸ್ಕಾಂತವಾದರೂ ಆದೀತು. ಚಕ್ಕೆ ಅದರ ಹಿಂದೆ ಓಡಿದರೆ ಅದು ಸ್ಕೇಲು. ಉಗುರಿಗೆ ಮೆತ್ತಗೆ ತಗಲಿ, ಅಯಸ್ಕಾಂತಕ್ಕೆ ಮಿಸುಕದೆ ಕೂತರೆ ಅದು ಸುಟ್ಟ ಎಣ್ಣೆ.

ಸ್ಕೇಲೇ ಆಗಿದ್ದರೆ ನಿಮ್ಮ ಪ್ಲೇಟಿನ ಮೇಲೆ ಈಗ ಮೂರು ಬೇರೆಬೇರೆ ವಸ್ತುಗಳಿವೆ: ಅಂಟಾದ ಎಣ್ಣೆ, ಕೆಂಪು ತುಕ್ಕು, ಕಪ್ಪು ಸ್ಕೇಲು. ಮೂರಕ್ಕೂ ಒಂದೇ ಮದ್ದು ಇಲ್ಲ. ಎಣ್ಣೆಯ ಅಂಟು ಸೋಡಾದಂಥ ಕ್ಷಾರಕ್ಕೆ ಸೋಲುತ್ತದೆ, ಹುಳಿಗೆ ಜಗ್ಗುವುದಿಲ್ಲ. ತುಕ್ಕು ಮತ್ತು ಸ್ಕೇಲು ಹುಳಿಗೆ ಸೋಲುತ್ತವೆ, ಸೋಡಾಕ್ಕೆ ಜಗ್ಗುವುದಿಲ್ಲ. ಅಂಟು ಮೇಲಿರುವ ತನಕ ಹುಳಿ ಕೆಳಗಿಳಿಯದು. ಆದುದರಿಂದ ಮೊದಲು ಸೋಡಾ, ಆಮೇಲೆ ಹುಳಿ. ಈ ಅನುಕ್ರಮ ತಪ್ಪಿದವರು ದಿನವಿಡೀ ತಿಕ್ಕಿ ಕೈ ನೋಯಿಸಿಕೊಳ್ಳುತ್ತಾರೆ.

ವಿಷದ ಪ್ರಶ್ನೆಯನ್ನು ಇಲ್ಲಿಯೇ ಮುಗಿಸುತ್ತೇನೆ. ತುಕ್ಕೆಂದರೆ ಕಬ್ಬಿಣ, ಆಮ್ಲಜನಕ ಮತ್ತು ನೀರು ಸೇರಿದ ವಸ್ತು. ರೊಟ್ಟಿಗೋ ಬ್ರೆಡ್ಡಿಗೋ ಹತ್ತಿದ ಒಂದಿಷ್ಟು ತುಕ್ಕು ವಿಷವಲ್ಲ, ರುಚಿ ಕೆಡುತ್ತದೆ ಅಷ್ಟೆ. ತುಕ್ಕಿನಿಂದ ಧನುರ್ವಾಯು ಬರುತ್ತದೆಂಬ ಮಾತು ಗಾಯದ ಸಂದರ್ಭದ್ದು. ಆ ರೋಗಕ್ಕೆ ಕಾರಣ ಮಣ್ಣಿನಲ್ಲಿರುವ ಸೂಕ್ಷ್ಮಾಣು, ತುಕ್ಕಲ್ಲ. ನಾನು ಹೆಚ್ಚು ಚಿಂತಿಸುವುದು ಪ್ಲೇಟಿನ ಮೂಲದ ಬಗ್ಗೆ. ಅದು ಸತುವಿನ ಲೇಪವಿರುವ ಜಿ.ಐ. ತಗಡಾಗಿದ್ದರೆ, ಅಥವಾ ಬಣ್ಣ ಬಳಿದ ಹಳೆಯ ಯಂತ್ರದಿಂದಲೋ ಡ್ರಮ್ಮಿನಿಂದಲೋ ಕತ್ತರಿಸಿದ್ದಾಗಿದ್ದರೆ, ಅಡುಗೆಗೆ ಖಂಡಿತ ಬೇಡ. ಸತುವಿನ ಲೇಪದ ಮೇಲೆ ಹರಳುಹರಳಾದ ಬೂದು ಹೊಳಪು ಇರುತ್ತದೆ ಮತ್ತು ಅದು ನಿಮ್ಮದರಂತೆ ಇಷ್ಟು ಬೇಗ ಕೆಂಪು ತುಕ್ಕು ಹಿಡಿಯುವುದಿಲ್ಲ. ಹಾಗಾಗಿ ನಿಮ್ಮದು ಸಾದಾ ಎಂ.ಎಸ್., ಅಂದರೆ ಮೈಲ್ಡ್ ಸ್ಟೀಲ್ ಎಂಬ ಸಾಮಾನ್ಯ ಉಕ್ಕಿನ ಪ್ಲೇಟೇ ಎಂದು ಧೈರ್ಯವಾಗಿ ಹೇಳಬಹುದು.

ಇನ್ನು ಕೆಲಸಕ್ಕೆ ಬರೋಣ. ಒಂದು ಲೀಟರು ಕುದಿಯುವ ನೀರಿಗೆ ನಾಲ್ಕು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ ಕರಗಿಸಿ. ಅಡುಗೆ ಸೋಡಾ ಅಲ್ಲ, ಅದು ಈ ಕೆಲಸಕ್ಕೆ ಬಲಹೀನ. ರಬ್ಬರಿನ ಕೈಗವಸು ಹಾಕಿಕೊಂಡು, ಹಳೆಯ ಬಟ್ಟೆಯನ್ನು ಆ ನೀರಿನಲ್ಲಿ ಅದ್ದಿ ಪ್ಲೇಟಿನ ಮೇಲೆ ಹಾಸಿ ಒಂದು ತಾಸು ಬಿಡಿ, ಬಟ್ಟೆ ಆರುತ್ತಾ ಬಂದರೆ ಮತ್ತೆ ಬಿಸಿ ನೀರು ಹನಿಸಿ. ಅಂಟು ಮೆದುವಾಗಿ ಕಂದು ರಾಡಿಯಾಗಿ ಬರುತ್ತದೆ. ಪಾತ್ರೆ ತಿಕ್ಕುವ ಸ್ಟೀಲಿನ ಸ್ಕ್ರಬ್ಬರಿನಿಂದ ತಿಕ್ಕಿ ತೆಗೆಯಿರಿ. ಒಂದೇ ಸಲಕ್ಕೆ ಹೋಗದಿದ್ದರೆ ಎರಡನೆಯ ಸಲ ಮಾಡಿ. ನೀರು ಸುರಿದಾಗ ಅದು ಹನಿಹನಿಯಾಗಿ ಒಡೆಯದೆ ಇಡೀ ಮೈ ಮೇಲೆ ತೆಳ್ಳಗೆ ಹರಡಿ ನಿಂತರೆ ಎಣ್ಣೆ ಹೋಯಿತೆಂದು ತಿಳಿಯಿರಿ. ಈ ಪರೀಕ್ಷೆ ಬಣ್ಣ ಬಳಿಯುವ ಮುನ್ನ ನಾವು ಕಾರ್ಖಾನೆಯಲ್ಲಿ ದಿನವೂ ಮಾಡುತ್ತಿದ್ದುದು.

ಹುಳಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜನ ಹೆಚ್ಚು ತಪ್ಪುವುದು ಇಲ್ಲಿ. ಕಿರಾಣಿ ಅಂಗಡಿಯ ಬಿಳಿ ವಿನೆಗರು ಸಾಕು; ಅದರಲ್ಲಿ ನೂರಕ್ಕೆ ನಾಲ್ಕೈದು ಪಾಲು ಅಸಿಟಿಕ್ ಆಮ್ಲವಿರುತ್ತದೆ. ಬರಿಯ ತುಕ್ಕಾಗಿದ್ದರೆ ಅಷ್ಟೇ ನೀರು ಬೆರೆಸಿ, ಅರ್ಧ ತಾಸಿಗೊಮ್ಮೆ ತೆಗೆದು ನೋಡುತ್ತ, ಎರಡು ಮೂರು ತಾಸಿನಲ್ಲಿ ಮುಗಿಸಬಹುದು. ಸ್ಕೇಲು ಬಿಡಿಸುವುದಕ್ಕೆ ನೀರು ಬೆರೆಸದ ವಿನೆಗರು ಮತ್ತು ಹನ್ನೆರಡರಿಂದ ಇಪ್ಪತ್ನಾಲ್ಕು ತಾಸಿನ ಸಮಯ ಬೇಕು. ಪ್ಲೇಟು ಮಲಗುವಷ್ಟು ಅಗಲದ ಪ್ಲಾಸ್ಟಿಕ್ ಟ್ರೇ ಇದ್ದರೆ ಒಳ್ಳೆಯದು. ಅಲ್ಯೂಮಿನಿಯಂ ಪರಾತವನ್ನಾಗಲಿ ಸತುವಿನ ಲೇಪದ ಬುಟ್ಟಿಯನ್ನಾಗಲಿ ಬಳಸಬೇಡಿ, ಹುಳಿ ಅವನ್ನೇ ತಿನ್ನುತ್ತದೆ. ಪ್ಲೇಟಿನ ಕೆಳಗೆ ನಾಲ್ಕು ಮೂಲೆಗೆ ನಾಲ್ಕು ಬೆಂಕಿಕಡ್ಡಿ ಇಟ್ಟರೆ ಕೆಳಮೈಗೂ ವಿನೆಗರು ತಲುಪುತ್ತದೆ. ಟ್ರೇ ಇಲ್ಲದಿದ್ದರೆ ಹಳೆಯ ಬಟ್ಟೆಯನ್ನು ವಿನೆಗರಿನಲ್ಲಿ ತೋಯಿಸಿ ಪ್ಲೇಟಿನ ಮೈಗೆ ಗಾಳಿ ಸಿಕ್ಕದ ಹಾಗೆ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಸುತ್ತಿಡಿ. ಇದರಿಂದ ವಿನೆಗರು ಕಾಲುಭಾಗಕ್ಕಿಂತ ಕಡಿಮೆ ಸಾಕಾಗುತ್ತದೆ.

ತಾಸೊಪ್ಪತ್ತಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎಳೆಯೆಳೆಯಾಗಿ ಏಳುವುದು ಕಾಣುತ್ತದೆ. ಅದು ಹೈಡ್ರೋಜನ್, ಪ್ರಮಾಣ ಅತ್ಯಲ್ಪ, ಆದರೂ ಟ್ರೇಯನ್ನು ಹಿತ್ತಲಿನಲ್ಲೋ ಮಾಳಿಗೆಯ ಮೇಲೋ ಇಡಿ, ಒಲೆಯ ಹತ್ತಿರ ಬೇಡ, ಬಿಗಿಯಾಗಿ ಮುಚ್ಚುವುದೂ ಬೇಡ. ಮರುದಿನ ಸ್ಕ್ರಬ್ಬರಿನಿಂದ ಒರೆಸಿದರೆ ಕಪ್ಪು ಪದರ ಕಾಡಿಗೆಯಂತೆ ಬಂದು ಕೆಳಗೆ ಬೂದಿಬಣ್ಣದ, ಹೊಳಪಿಲ್ಲದ ಉಕ್ಕು ಕಾಣುತ್ತದೆ. ನಿಮ್ಮ ಪ್ಲೇಟಿನ ನಿಜವಾದ ಮೈ ಅದು. ಇಷ್ಟು ದಿನ ನೀವು ಅದನ್ನು ನೋಡಿಯೇ ಇರಲಿಲ್ಲ. ಅಲ್ಲಲ್ಲಿ ಹಠ ಹಿಡಿದು ಕೂತ ಕಪ್ಪು ಕಲೆಗಳಿಗೆ ಇನ್ನೂ ನಾಲ್ಕಾರು ತಾಸು ಕೊಡಿ. ಆದರೆ ಎರಡು ಮೂರು ದಿನ ಮರೆತು ಬಿಡಬೇಡಿ. ಸ್ಕೇಲು ತೀರಿದ ಮೇಲೆ ವಿನೆಗರು ಉಕ್ಕನ್ನೇ ಮೆಲ್ಲಲು ತೊಡಗುತ್ತದೆ, ಮೈಯೆಲ್ಲ ಸಿಡುಬಿನ ಕಲೆಯಂತಾಗುತ್ತದೆ.

ವಿನೆಗರಿನ ಬದಲು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು, ಲೀಟರು ಬಿಸಿ ನೀರಿಗೆ ನೂರು ಗ್ರಾಂ ಹಾಕಿ ಬಳಸಬಹುದು. ವಾಸನೆ ಇರುವುದಿಲ್ಲ, ಕೆಲಸವೂ ಬೇಗ. ವಿಜಯಪುರ ಜಿಲ್ಲೆಯ ಇಂಡಿ ಕಡೆಯ ನಿಂಬೆಹಣ್ಣು ಎಷ್ಟೇ ರಸಭರಿತವಾಗಿದ್ದರೂ ಎರಡು ಲೀಟರು ರಸ ಹಿಂಡಿ ಕಬ್ಬಿಣಕ್ಕೆ ಕುಡಿಸುವುದು ದುಂದು. ಹುಣಸೆಹಣ್ಣು ಹಿತ್ತಾಳೆ ತಾಮ್ರಕ್ಕೆ ಚೆಂದ, ತೆಳುವಾದ ತುಕ್ಕಿಗೂ ನಡೆದೀತು, ಸ್ಕೇಲಿಗೆ ಸಾಲದು. ಪಾಯಖಾನೆ ತೊಳೆಯುವ ಆಸಿಡ್ ಮಾತ್ರ ಯಾರು ಹೇಳಿದರೂ ಬೇಡ. ಅದು ಹೈಡ್ರೋಕ್ಲೋರಿಕ್ ಆಮ್ಲ. ಹತ್ತು ನಿಮಿಷದಲ್ಲಿ ಪ್ಲೇಟನ್ನು ಬೆಳ್ಳಗೆ ಮಾಡುತ್ತದೆ ನಿಜ, ಆದರೆ ಅದರ ಹೊಗೆ ಎದೆಗೆ ಕೆಟ್ಟದ್ದು, ಮತ್ತು ಉಕ್ಕಿನ ಸಣ್ಣ ರಂಧ್ರಗಳಲ್ಲಿ ಅದು ಬಿಟ್ಟುಹೋಗುವ ಕ್ಲೋರೈಡು, ಅಂದರೆ ಉಪ್ಪಿನಲ್ಲಿರುವಂಥ ಅಂಶ, ಮುಂದಿನ ತುಕ್ಕಿಗೆ ಬೀಜವಾಗುತ್ತದೆ. ವಿನೆಗರನ್ನಾಗಲಿ ಆಸಿಡನ್ನಾಗಲಿ ಬ್ಲೀಚಿಂಗ್ ಪುಡಿಯ ನೀರಿನೊಂದಿಗೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಪ್ರಾಣಕ್ಕೆ ಎರವಾಗಬಹುದು.

ಕ್ಲೋರೈಡಿನ ಮಾತು ಬಂದುದರಿಂದ ನೀರಿನ ಬಗ್ಗೆಯೂ ಒಂದು ಮಾತು. ನಮ್ಮ ಭಾಗದಲ್ಲಿ ಅನೇಕ ಕಡೆ ಬೋರಿನ ನೀರು ಸವಳು. ಸವಳು ನೀರಿನಲ್ಲಿ ತೊಳೆದ ಕಬ್ಬಿಣ ಸಿಹಿನೀರಿನಲ್ಲಿ ತೊಳೆದುದಕ್ಕಿಂತ ಬೇಗ ಕೆಂಪೇರುತ್ತದೆ. ಆದ್ದರಿಂದ ಕೊನೆಯ ತೊಳೆತಕ್ಕೆ ಕುಡಿಯುವ ನೀರನ್ನೇ ಬಳಸಿ, ಅದನ್ನೂ ಕಾಯಿಸಿ ಬಳಸಿ. ಬಿಸಿಯಾದ ಪ್ಲೇಟಿನಿಂದ ನೀರು ತಾನೇ ಹಾರಿಹೋಗುತ್ತದೆ. ಅದಕ್ಕೂ ಮುಂಚೆ ಒಂದು ಚಮಚ ಅಡುಗೆ ಸೋಡಾ ಕಲಸಿದ ನೀರಿನಿಂದ ಒಮ್ಮೆ ತೊಳೆದು ಉಳಿದ ಹುಳಿಯನ್ನು ಮುರಿಯಬೇಕು. ಗೋಣಿಚೀಲದಲ್ಲಿ ಹಿಂದೆ ಉಪ್ಪೋ ಗೊಬ್ಬರವೋ ಇದ್ದಿದ್ದರೆ ನಿಮ್ಮ ಅಟ್ಟದ ಮೇಲೆ ನಡೆದದ್ದಕ್ಕೂ ಇದೇ ಕಾರಣವಿರಬಹುದು. ಇಲ್ಲದಿದ್ದರೂ ಸೆಣಬು ಗಾಳಿಯ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ. ಗಾಳಿಯಲ್ಲಿ ತೇವ ಶೇಕಡಾ 60 ದಾಟಿದರೆ ಕಬ್ಬಿಣಕ್ಕೆ ಕೇಡುಗಾಲ. ಮಳೆಗಾಲದಲ್ಲಿ, ಅದರಲ್ಲೂ ಆಲಮಟ್ಟಿಯ ಹಿನ್ನೀರು ಇಷ್ಟು ಹತ್ತಿರವಿರುವ ಊರಿನಲ್ಲಿ, ಆ ಗೆರೆ ದಾಟುವುದು ದೊಡ್ಡ ಮಾತಲ್ಲ.

ಹುಳಿಯಿಂದ ಹೊರಬಂದ ಉಕ್ಕು ಹುಟ್ಟಿದ ಕೂಸಿನಷ್ಟು ಎಳೆಯದು. ತೊಳೆದು ಒರೆಸುವಷ್ಟರಲ್ಲಿಯೇ ಅದರ ಮೇಲೆ ಕೇಸರಿ ಮಸುಕು ಹರಡುವುದನ್ನು ನೀವು ಕಣ್ಣಾರೆ ಕಾಣುವಿರಿ. ಗಾಬರಿ ಬೇಡ. ಪೂರ್ತಿ ಒಣಗಿಸಿ, 120 ನಂಬರಿನ ಎಮರಿ ಕಾಗದದಿಂದ, ಆಮೇಲೆ 220ರಿಂದ, ಒಂದೇ ದಿಕ್ಕಿನಲ್ಲಿ ಉಜ್ಜಿದರೆ ಅದು ಹೋಗುತ್ತದೆ. ಕನ್ನಡಿಯಂತೆ ಹೊಳೆಸಬೇಡಿ, ಎಣ್ಣೆಗೆ ಹಿಡಿದುಕೊಳ್ಳಲು ಸಣ್ಣ ಗೀರುಗಳು ಬೇಕು. ನಾಲ್ಕೂ ಅಂಚುಗಳನ್ನು ಅರದಿಂದ ಸ್ವಲ್ಪ ಗುಂಡಗೆ ಮಾಡಿ. ಬಣ್ಣವಾಗಲಿ ಎಣ್ಣೆಯಾಗಲಿ ಚೂಪಾದ ಅಂಚಿನ ಮೇಲೆ ನಿಲ್ಲದೆ ಹಿಂದೆ ಸರಿಯುತ್ತದೆ, ಅದಕ್ಕೆ ತುಕ್ಕು ಯಾವಾಗಲೂ ಅಂಚಿನಿಂದಲೇ ಆರಂಭವಾಗುವುದು. ಉಜ್ಜಿದ ಧೂಳನ್ನು ಒಣ ಬಟ್ಟೆಯಿಂದ ಒರೆಸಿ, ಒಟಿಜಿಯಲ್ಲಿ 120 ಡಿಗ್ರಿಗೆ ಕಾಲು ತಾಸು ಇಡಿ. ಕಣ್ಣಿಗೆ ಒಣಗಿದಂತೆ ಕಂಡರೂ ಗೀರುಗಳಲ್ಲಿ ಉಳಿದ ತೇವ ಆಗ ಹೋಗುತ್ತದೆ. ಹೊರತೆಗೆದು, ಕೈ ತಡೆಯುವಷ್ಟು ಬೆಚ್ಚಗಿರುವಾಗಲೇ ಎಣ್ಣೆ ಹಚ್ಚಬೇಕು. ಇಲ್ಲಿ ನಡುವೆ ಊಟಕ್ಕೋ ಫೋನಿಗೋ ಎದ್ದು ಹೋಗಬಾರದು.

ಈಗ ಎಣ್ಣೆ. ನಿಮ್ಮ ಪ್ಲೇಟು ಅಂಟಾದದ್ದರಲ್ಲಿ ಶೇಂಗಾ ಎಣ್ಣೆಯ ತಪ್ಪು ಸ್ವಲ್ಪ, ‘ದಂಡಿಯಾಗಿ’ ಎಂಬ ನಿಮ್ಮ ಮಾತಿನ ತಪ್ಪು ಬಹಳ. ಪಳಗಿಸುವುದೆಂದರೆ ಎಣ್ಣೆಯನ್ನು ಕುಡಿಸುವುದಲ್ಲ, ಒಣಗಿಸುವುದು. ಕಾವಿನಲ್ಲಿ ಎಣ್ಣೆಯ ಅಣುಗಳು ಗಾಳಿಯ ಆಮ್ಲಜನಕವನ್ನು ಹಿಡಿದು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಹಳೆಯ ಕಾಲದ ಎಣ್ಣೆಬಣ್ಣ ಬಾಗಿಲಿನ ಮೇಲೆ ಒಣಗುತ್ತಿದ್ದುದು ಇದೇ ರೀತಿ. ಎಣ್ಣೆ ದಪ್ಪಗಿದ್ದರೆ ಮೇಲ್ಭಾಗ ಮೊದಲು ಹೆಪ್ಪುಗಟ್ಟಿ ಕೆನೆಯಂತೆ ಮುಚ್ಚಿಕೊಳ್ಳುತ್ತದೆ, ಕೆಳಗಿನ ಎಣ್ಣೆಗೆ ಗಾಳಿ ಸಿಕ್ಕದೆ ಅದು ಅರೆಬೆಂದ ಅಂಟಾಗಿಯೇ ಉಳಿಯುತ್ತದೆ. ನಿಮ್ಮ ‘ಬೆಲ್ಲದ ಪಾಕ’ ಅದೇ.

ಎಷ್ಟು ಎಣ್ಣೆ ಸಾಕು ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ನಿಮ್ಮ ಪ್ಲೇಟಿನ ಒಂದು ಮೈ ಸುಮಾರು 900 ಚದರ ಸೆಂ.ಮೀ. ಅದರ ಮೇಲೆ ಒಂದು ಮಿಲಿಲೀಟರು, ಅಂದರೆ ಸಣ್ಣ ಚಮಚದ ಐದನೆಯ ಒಂದು ಪಾಲು ಎಣ್ಣೆಯನ್ನು ಸಮನಾಗಿ ಹರಡಿದರೆ ಪದರದ ದಪ್ಪ ಒಂದು ಮಿ.ಮೀ.ನ ತೊಂಬತ್ತನೆಯ ಒಂದು ಭಾಗವಾಗುತ್ತದೆ. ಅದೂ ಜಾಸ್ತಿಯೇ. ಹೀಗಾಗಿ ಹತ್ತು ಹನಿ ಹಾಕಿ, ಅಂಗೈಯಿಂದ ಇಡೀ ಮೈಗೆ, ಅಂಚಿಗೆ, ಮೂಲೆಗೆ ತಿಕ್ಕಿ, ಆಮೇಲೆ ನೂಲು ಬಿಡದ ಹಳೆಯ ಧೋತರದ ಬಟ್ಟೆಯಿಂದ ಒರೆಸಿ. ಬಟ್ಟೆಯ ಮಗ್ಗುಲು ಬದಲಿಸಿ ಮತ್ತೆ ಒರೆಸಿ. ಮೂರನೆಯ ಸಲ ಹೊಸ ಬಟ್ಟೆಯಿಂದ ಒರೆಸಿ. ಪ್ಲೇಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಒದ್ದೆಯ ಹೊಳಪು ಕಾಣಬಾರದು, ಬೆರಳು ಎಳೆದರೆ ಗೆರೆ ಮೂಡಬಾರದು. ‘ಎಲ್ಲ ಒರೆಸಿ ಹೋಯಿತಲ್ಲ, ಇನ್ನೇನು ಉಳಿಯಿತು’ ಎಂದು ಮನಸ್ಸಿಗೆ ಅನ್ನಿಸುವ ಹೊತ್ತಿಗೆ ಪದರ ಸರಿಯಾಗಿರುತ್ತದೆ.

ಎಣ್ಣೆಯ ಆಯ್ಕೆಯಲ್ಲಿ ನಮ್ಮ ಭಾಗದವರು ಭಾಗ್ಯವಂತರು. ಎಣ್ಣೆ ಎಷ್ಟು ಚೆನ್ನಾಗಿ ಒಣಗಿ ಪೊರೆಯಾಗುತ್ತದೆ ಎಂಬುದನ್ನು ರಸಾಯನಶಾಸ್ತ್ರದಲ್ಲಿ ಅಯೋಡಿನ್ ಸಂಖ್ಯೆಯಿಂದ ಅಳೆಯುತ್ತಾರೆ. 130ಕ್ಕಿಂತ ಹೆಚ್ಚಿದ್ದರೆ ಅದು ಒಣಗುವ ಎಣ್ಣೆ. ಕೊಬ್ಬರಿ ಎಣ್ಣೆಯದು 10ರ ಸುತ್ತ, ಆದ್ದರಿಂದ ಅದು ಈ ಕೆಲಸಕ್ಕೆ ಬಾರದು. ಶೇಂಗಾ ಎಣ್ಣೆಯದು 85ರಿಂದ 105. ಕುಸುಬಿ ಎಣ್ಣೆಯದು 140ರ ಆಸುಪಾಸು, ಅಗಸಿ ಎಣ್ಣೆಯದು 170ಕ್ಕೂ ಮೇಲೆ. ಅಂಕಿ ನೋಡಿ ಅಗಸಿಯೇ ಶ್ರೇಷ್ಠವೆಂದು ನಾನೂ ಒಮ್ಮೆ ನಂಬಿ, ನಮ್ಮ ಮನೆಯ ಪ್ಲೇಟಿಗೆ ಆರು ಪದರ ಕೊಟ್ಟಿದ್ದೆ. ಕರಿಗಡಿಗೆಯಂತೆ ಹೊಳೆಯಿತು, ಬಂದವರಿಗೆಲ್ಲ ತೋರಿಸಿದೆ. ಎರಡೇ ತಿಂಗಳಲ್ಲಿ ಹಾವಿನ ಪೊರೆಯಂತೆ ಸುಲಿದು ಬ್ರೆಡ್ಡಿನ ತಳಕ್ಕೆ ಹತ್ತಿತು. ಅಗಸಿಯ ಪೊರೆ ಗಟ್ಟಿ ಹೌದು, ಆದರೆ ಪೆಡಸು. ಅಂದಿನಿಂದ ನಾನು ಕುಸುಬಿಗೆ ಬಂದೆ, ಮತ್ತೆ ಬದಲಿಸಿಲ್ಲ. ವಿಜಯಪುರ, ಬಾಗಲಕೋಟೆಯ ಎರೆಹೊಲದ ಕುಸುಬಿಯ ಎಣ್ಣೆ ಒಂದು ಕಾಲಕ್ಕೆ ಮನೆಮನೆಯ ಒಗ್ಗರಣೆಯ ಎಣ್ಣೆಯಾಗಿತ್ತು, ಬಣ್ಣ ವಾರ್ನಿಷಿನ ತಯಾರಿಕೆಗೂ ಕುಸುಬಿ ಎಣ್ಣೆಯ ಬಳಕೆಯಿತ್ತು. ಗಾಣದ್ದಾದರೆ ತಿಳಿಯಾದ ಮೇಲಿನ ಎಣ್ಣೆಯನ್ನು ಮಾತ್ರ ತೆಗೆದುಕೊಳ್ಳಿ, ತಳದ ಗಸಿ ಸುಟ್ಟು ಕಲೆಯಾಗುತ್ತದೆ. ಬಾಟಲಿಯ ಮೇಲೆ ‘ಹೈ ಒಲೀಕ್’ ಎಂದಿದ್ದರೆ ಅದು ಬೇರೆ ತಳಿಯದು, ಒಣಗುವ ಗುಣ ಕಡಿಮೆ. ಕುಸುಬಿ ಸಿಗದಿದ್ದರೆ ಸಾದಾ ರಿಫೈನ್ಡ್ ಸೂರ್ಯಕಾಂತಿ ಅಥವಾ ಸೋಯಾ ಎಣ್ಣೆ ಆದೀತು. ಶೇಂಗಾ ಎಣ್ಣೆಯೊಂದೇ ಮನೆಯಲ್ಲಿದ್ದರೂ ಕೆಲಸ ನಿಲ್ಲುವುದಿಲ್ಲ. ತೀರ ತೆಳ್ಳಗೆ ಹಚ್ಚಿ ಎರಡು ಪದರ ಹೆಚ್ಚು ಕೊಡಿ.

ಎರಡು ಎಚ್ಚರಿಕೆಗಳನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಬಣ್ಣದ ಅಂಗಡಿಯಲ್ಲಿ ಮಾರುವ ಅಗಸೆ ಎಣ್ಣೆ ತಿನ್ನುವಂಥದಲ್ಲ. ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣಗಳನ್ನು ಬೆರೆಸಿರುತ್ತಾರೆ. ಎರಡನೆಯದು, ಒಣಗುವ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಣಗುವಾಗ ಎಣ್ಣೆ ಕಾವು ಬಿಡುತ್ತದೆ, ಮುದ್ದೆಯ ಒಳಗೆ ಆ ಕಾವು ಸಿಕ್ಕಿಬಿದ್ದು ಕಡ್ಡಿ ಗೀರದೆಯೇ ಬಟ್ಟೆ ಹೊತ್ತಿಕೊಳ್ಳಬಹುದು. ಸೋಪಿನ ನೀರಿನಲ್ಲಿ ನೆನೆಸಿ, ಬಿಡಿಸಿ ಒಣಹಾಕಿ.

ಒಟಿಜಿಯಲ್ಲಿ ಪ್ಲೇಟನ್ನು ನಡುವಿನ ಕಂಬಿಯ ಮೇಲಿಟ್ಟು, 230 ಡಿಗ್ರಿಗೆ, ಮೇಲೆ ಕೆಳಗೆ ಎರಡೂ ಕಾಯಿಲು ಹಚ್ಚಿ, ಒಂದು ತಾಸು ಬಿಡಿ. ಸುತ್ತಲೂ ಎರಡು ಬೆರಳು ಜಾಗವಿರಬೇಕು. ಇಲ್ಲದಿದ್ದರೆ ಗಾಳಿ ಆಡದೆ ಕೆಳಗಿನ ಕಾಯಿಲಿನ ಶಾಖ ಕೆಳಗೇ ಉಳಿಯುತ್ತದೆ. ನಾಲ್ಕೂಕಾಲು ಕಿಲೊ ಉಕ್ಕನ್ನು ಆ ಕಾವಿಗೆ ಏರಿಸಲು ಲೆಕ್ಕದ ಪ್ರಕಾರ ಬೇಕಾಗುವುದು 0.12 ಯೂನಿಟ್ ವಿದ್ಯುತ್ ಮಾತ್ರ, ಆದರೆ ಪೆಟ್ಟಿಗೆಯ ಗೋಡೆ, ಗಾಳಿ ಎಲ್ಲ ಕಾಯಬೇಕಾದ್ದರಿಂದ ಮೊದಲ ಅರ್ಧ ತಾಸು ಪ್ಲೇಟು ಹಿಂದುಳಿದೇ ಇರುತ್ತದೆ. ಆದ್ದರಿಂದ ಒಂದು ತಾಸನ್ನು ಪೆಟ್ಟಿಗೆ ಕಾದ ಮೇಲಿಂದ ಎಣಿಸಿ. ಹೊಗೆ ಬರುತ್ತದೆ, ಕಿಟಕಿ ತೆರೆದಿರಲಿ. ಮುಗಿದ ಮೇಲೆ ಬಾಗಿಲು ತೆಗೆಯದೆ ಅಲ್ಲಿಯೇ ಆರಲು ಬಿಡಿ. ಮೊದಲ ಪದರ ಕಂದಾಗಿ, ಕೆಲವೆಡೆ ಮೋಡದಂತೆ ಕಾಣುತ್ತದೆ. ಎರಡನೆಯದಕ್ಕೆ ಗಾಢವಾಗುತ್ತದೆ. ಮೂರು ಅಥವಾ ನಾಲ್ಕು ಪದರ ಸಾಕು. ಪೂರ್ತಿ ಕಪ್ಪಾಗಲಿಲ್ಲವೆಂದು ಕೊರಗಬೇಡಿ, ಆ ಕಪ್ಪು ಬಳಕೆಯಿಂದ ಬರುವುದು. ಆರಿದ ಮೇಲೆ ಮುಟ್ಟಿದರೆ ಅಂಟಿದಂತೆ ಅನ್ನಿಸಿದರೆ ಎಣ್ಣೆ ಸೇರಿಸದೆ ಇನ್ನೊಂದು ತಾಸು ಕಾಸಿ; ಬಹಳ ಸಲ ಅಷ್ಟರಿಂದಲೇ ಸರಿಹೋಗುತ್ತದೆ.

ಗ್ಯಾಸಿನ ಮೇಲೆ ಪಳಗಿಸಲು ಹೊರಟರೆ ಉಕ್ಕೇ ಉಷ್ಣಮಾಪಕವಾಗುತ್ತದೆ. ಎಣ್ಣೆ ಹಚ್ಚದ ಹೊಳೆವ ಉಕ್ಕು ಕಾಯುತ್ತ ಹೋದಂತೆ 220-230 ಡಿಗ್ರಿಗೆ ಒಣಗಿದ ಕಣಿಕೆಯ ಹಳದಿ ಬಣ್ಣಕ್ಕೆ ಬರುತ್ತದೆ, 255ರ ಹೊತ್ತಿಗೆ ಕಂದು, 280ಕ್ಕೆ ನೇರಳೆ, 300ಕ್ಕೆ ನವಿಲುಗರಿಯ ನೀಲಿ. ಉಳಿಗೆ ಹದ ಕೊಡುವಾಗ ಕಮ್ಮಾರರು ನೋಡುವುದೂ ಇದೇ ಬಣ್ಣಗಳನ್ನು. ನೀವು ಕಂದು ಬರುತ್ತಲೇ ಉರಿ ತಗ್ಗಿಸಬೇಕು. ಆದರೆ ಮನೆಯ ಬರ್ನರು ನಡುವನ್ನು ನೀಲಿ ಮಾಡುವಾಗ ಮೂಲೆಗಳು ಇನ್ನೂ ಬೆಳ್ಳಗಿರುತ್ತವೆ, ಒಂದೇ ಕಡೆಯ ಕಾವಿಗೆ ಪ್ಲೇಟು ಸೊಟ್ಟಗಾಗುವ ಭಯವೂ ಇದೆ. ಒಟಿಜಿ ಇರುವವರು ಇದರ ಗೋಜಿಗೆ ಹೋಗಬೇಕಿಲ್ಲ.

ಬಳಕೆಯಲ್ಲಿ ಹೆಚ್ಚಿನ ನೇಮವಿಲ್ಲ. ಹಿಟ್ಟಿನ ಕೆಳಗೆ ರವೆ ಉದುರಿಸಿ, ಚೆಲ್ಲಿದ ಟೊಮೆಟೊ ಸಾಸನ್ನು ಅಂದೇ ಒರೆಸಿ. ಟೊಮೆಟೊ ಹುಳಿಯೇ ಅಲ್ಲವೇ, ಬಿಟ್ಟರೆ ಪೊರೆಯ ಬಿರುಕಿನಿಂದ ಒಳಗಿಳಿಯುತ್ತದೆ. ಪಾತ್ರೆ ತೊಳೆಯುವ ಸೌಮ್ಯ ಸೋಪು ತಾಗಿದರೆ ಪಳಗಿದ್ದು ಕೆಡುವುದಿಲ್ಲ, ಆ ಹೆದರಿಕೆ ಸೋಡಾ ಬೆರೆತ ಸಾಬೂನಿನ ಕಾಲದ್ದು. ನೆನೆಸಿಡುವುದು ಮಾತ್ರ ಬೇಡ. ಮಳೆಗಾಲಕ್ಕೆ ಇದನ್ನು ಅಟ್ಟಕ್ಕೆ ಕಳಿಸುವ ಅಗತ್ಯವಿಲ್ಲ, ಒಟಿಜಿಯೊಳಗೇ ಇರಲಿ. ತೆಗೆದಿಡಲೇಬೇಕೆಂದರೆ ಕಾಸಿ ಒಣಗಿಸಿ, ಎರಡು ಹನಿ ಎಣ್ಣೆ ಒರೆಸಿ, ದಿನಪತ್ರಿಕೆಯಲ್ಲಿ ಸುತ್ತಿ, ನೆಲಕ್ಕೂ ಗೋಡೆಗೂ ತಾಗದ ಹಾಗೆ ನಿಲ್ಲಿಸಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರುತ್ತದೆ. ಮುಂದೆ ಎಲ್ಲಾದರೂ ಕೇಸರಿ ಚುಕ್ಕೆ ಕಂಡರೆ ಇಡೀ ಪ್ಲೇಟನ್ನು ಬೋಳಿಸಬೇಕಿಲ್ಲ. ಅಷ್ಟು ಜಾಗವನ್ನು ಎಮರಿಯಿಂದ ಉಜ್ಜಿ, ಒಂದು ಹನಿ ಎಣ್ಣೆ ಒರೆಸಿ, ಮುಂದಿನ ಬ್ರೆಡ್ಡಿನ ಜೊತೆಗೇ ಕಾಯಲು ಬಿಡಿ.

ಕೊನೆಯದು ರೊಟ್ಟಿಯ ಪ್ರಶ್ನೆ. ಜೋಳದ ರೊಟ್ಟಿಗೆ ಎಣ್ಣೆಯಿಲ್ಲ, ನೀರಿದೆ. ಹಂಚಿಗೆ ಹಾಕಿದ ಕೂಡಲೇ ರೊಟ್ಟಿಯ ಮೇಲೆ ನೀರು ಸವರುತ್ತೇವೆ, ತಿರುವಿ ಹಾಕಿದಾಗ ಆ ಒದ್ದೆ ಮೈಯೇ ಕಾದ ಕಬ್ಬಿಣಕ್ಕೆ ತಾಗಿ ಛುಂಯ್ ಎನ್ನುತ್ತದೆ. ದಿನಕ್ಕೆ ಇಪ್ಪತ್ತು ರೊಟ್ಟಿ ಬೇಯುವ ಹಂಚು ಇಪ್ಪತ್ತು ಸಲ ಉಗಿ ಉಣ್ಣುತ್ತದೆ, ಎಣ್ಣೆಯನ್ನು ಕಾಣುವುದೇ ಇಲ್ಲ. ದೋಸೆ ಹಂಚು ಬಳಸಿದಷ್ಟೂ ಪಳಗುತ್ತದೆ, ರೊಟ್ಟಿ ಹಂಚನ್ನು ಕಾಯುವುದು ಅದು ದಿನವೂ ಕಾಯುತ್ತದೆಂಬ ಒಂದೇ ಸಂಗತಿ. ನಾನು ಫೌಂಡ್ರಿಗೆ ಸೇರಿದ ಹೊಸತರಲ್ಲಿ, ಕಲಿತ ವಿದ್ಯೆ ತೋರಿಸಲೆಂದು ಅವ್ವನ ಹಂಚನ್ನು ಗ್ರೈಂಡರಿಗೆ ಹಿಡಿದು ಬೆಳ್ಳಿಯಂತೆ ಬೆಳಗಿ ತಂದಿದ್ದೆ. “ಮೂವತ್ತ ವರ್ಷದ ಹಂಚು, ಒಂದ ತಾಸಿನ್ಯಾಗ ಬೋಳಿಸಿ ತಂದಿ ನೋಡು” ಎಂದಳು. ಆ ವಾರವೆಲ್ಲ ರೊಟ್ಟಿ ಹಂಚಿಗೇ ಹತ್ತಿಕೊಂಡು ಹರಿದು ಬಂದವು, ನಾವು ಅನ್ನವನ್ನೇ ಉಂಡೆವು.

ಆದುದರಿಂದ ಮೆತ್ತನೆಯ ರೊಟ್ಟಿಗೆ ಮನೆಯ ಹಂಚನ್ನೇ ಬಳಸಿ. ಬ್ರೆಡ್ಡಿಗಾಗಿ ಕಷ್ಟಪಟ್ಟು ಪಳಗಿಸಿದ ಮೈಯನ್ನು ದಿನವೂ ನೀರಿಗೆ ಒಡ್ಡುವುದು ಸರಿಯಲ್ಲ, 6 ಮಿ.ಮೀ. ಉಕ್ಕು ಗ್ಯಾಸಿನ ಮೇಲೆ ಕಾಯುವಷ್ಟರಲ್ಲಿ ಹಿಟ್ಟು ಆರಿಹೋಗುತ್ತದೆ. ಖಡಕ್ ರೊಟ್ಟಿಗಾದರೆ ಈ ಪ್ಲೇಟು ಹೇಳಿ ಮಾಡಿಸಿದಂತಿದೆ. ಹಂಚಿನ ಮೇಲೆ ಬೆಂದ ರೊಟ್ಟಿಯನ್ನು ಸಣ್ಣ ಉರಿಯ ಮೇಲಿನ ಈ ದಪ್ಪ ಪ್ಲೇಟಿಗೆ ವರ್ಗಾಯಿಸಿ, ಬಟ್ಟೆಯಿಂದ ಒತ್ತುತ್ತ ತಿರುವಿದರೆ ಎಲ್ಲೂ ಕಪ್ಪು ಕಲೆಯಿಲ್ಲದೆ ಹಪ್ಪಳದಂತೆ ಗರಿಗರಿಯಾಗುತ್ತದೆ. ನಿಮ್ಮದು ಗಾಜಿನ ಮೇಲ್ಮೈಯ ಗ್ಯಾಸ್ ಒಲೆಯಾಗಿದ್ದರೆ ಮಾತ್ರ ಒಂದಡಿಯ ಈ ಪ್ಲೇಟನ್ನು ಅದರ ಮೇಲೆ ಇಡಬೇಡಿ. ಬರ್ನರು ದಾಟಿ ಚಾಚಿದ ಉಕ್ಕು ಉರಿಯ ಶಾಖವನ್ನು ಗಾಜಿನ ಕಡೆಗೇ ತಿರುಗಿಸುತ್ತದೆ, ಗಾಜು ಸಿಡಿಯಬಹುದು. ಅಂಥ ಮನೆಯಲ್ಲಿ ಖಡಕ್ ರೊಟ್ಟಿಯ ಕೆಲಸವನ್ನೂ ಒಟಿಜಿಯೊಳಗೆ 120 ಡಿಗ್ರಿಗೆ, ಬಾಗಿಲನ್ನು ಒಂದು ಬೆರಳಿನಷ್ಟು ತೆರೆದಿಟ್ಟು ಮಾಡಿಕೊಳ್ಳಿ.